ಏರ್‌ಬ್ರಷ್ಷಿನ ಸೂಜಿ

ಮಕ್ಕಳೇ, ನಿಮ್ಮ ಚಿಕ್ಕಜ್ಜಿ ಜಲಜಳ ಏರ್‌ಬ್ರಷ್ ಹಾಳಾದದ್ದು ಅವಳ ಕೈಯಿಂದಲ್ಲ. ಅದರ ಸೂಜಿಯನ್ನು ಬಗ್ಗಿಸಿದವಳು ನಾನು. ತಿಳಿದೇ ಬಗ್ಗಿಸಿದೆ. ಹೊಟ್ಟೆಕಿಚ್ಚಿನಿಂದ — ಇದಕ್ಕೆ ಬೇರೆ ಒಳ್ಳೆಯ ಮಾತು ಹುಡುಕಿದೆ, ಸಿಗಲಿಲ್ಲ.

ಎದುರು ಕೂತು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರವಿದೆ, ಬರೆಯುತ್ತೇನೆ.

ನೆಂಟರಿಷ್ಟರ ಮದುವೆಗಳಲ್ಲಿ ಮದುಮಕ್ಕಳು ಕೂರುವ ಮಣೆಗೆ ಬಣ್ಣದ ಚಿತ್ರ ಬರೆಯುತ್ತಿದ್ದವಳು ನಾನು. ತಾವರೆ, ಗಿಳಿ, ಬಳ್ಳಿ. ಹಾಲಾಡಿಯಿಂದ ಬೈಂದೂರಿನವರೆಗೆ, ನಾಲ್ಕು ಜನರ ನಡುವೆ ಬಾಯಿ ಬಿಡದ ನನ್ನನ್ನು ಜನ ಗುರುತಿಸುತ್ತಿದ್ದದ್ದು ಆ ಮಣೆಗಳಿಂದಲೇ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರ ಸೋದರತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಅಂದರು: "ಇನ್ ನೀನ್ ಮದಿ ಮಣೆ ಮುಟ್ಟುಕಾಗ, ಮಾರಾಯ್ತಿ." ಗಂಡನಿಲ್ಲದವಳು ಮದುವೆಯ ಮಣೆ ಮುಟ್ಟಬಾರದಂತೆ. ನಾನು ಕುಂಚಗಳನ್ನು ತೊಳೆದು ಕಟ್ಟಿಟ್ಟೆ. ಬೇಸರವಾಯಿತು ಎಂದೂ ಹೇಳಲಿಲ್ಲ.

ಮಣೆಗಳು ಜಲಜಳ ಪಾಲಾದವು. ಅವಳು ನನ್ನ ವಾರಗಿತ್ತಿ. ಮುಂಬೈಯ ಕ್ಯಾಂಟೀನು ಮಾರಿ ಮೈದುನನೊಂದಿಗೆ ಗುಲ್ವಾಡಿಗೆ ಬಂದು ನಮ್ಮ ಪಕ್ಕದಲ್ಲೇ ಮನೆ ಮಾಡಿದ್ದಳು. ಹವ್ಯಾಸಕ್ಕೆಂದು ತೆಂಗಿನ ಗೆರಟೆ, ಮಣ್ಣಿನ ಹೂಜಿಗಳ ಮೇಲೆ ಬಣ್ಣ ಹಚ್ಚುತ್ತಿದ್ದಳು. ಕೈ ನನ್ನಷ್ಟು ಸ್ಥಿರವಲ್ಲ — ನೋಡಿ, ಇದನ್ನು ಈಗಲೂ ಬರೆಯದೆ ಇರಲಾಗಲಿಲ್ಲ.

ಹಾಲಾಡಿಯ ನೆಂಟರ ಹುಡುಗಿ ಶುಭಳ ಮದುವೆ ನಿಶ್ಚಯವಾದಾಗ, ಅವಳ ಮಣೆಗೆಂದು ಜಲಜ ಗಾಳಿಯಲ್ಲಿ ಬಣ್ಣ ಊದುವ ಏರ್‌ಬ್ರಷ್ ತೆಗೆದುಕೊಳ್ಳಲು ಹೊರಟಳು. ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. "ಅಗ್ಗದ್ದ್ ಬ್ಯಾಡ ಅಕ್ಕ, ಅದ್ ಬಣ್ಣ ಕಕ್ಕತ್ತ್" ಎಂದು ನನಗೇ ಪಾಠ ಹೇಳಿದಳು. ಕೊನೆಗೆ ಮುಂಬೈಯಿಂದ ಬಂತು, ಮೆತ್ತನೆಯ ಪೆಟ್ಟಿಗೆಯಲ್ಲಿ ಒಡವೆಯಂತೆ ಮಲಗಿಕೊಂಡು. ಜೊತೆಗೆ ಗಾಳಿ ತುಂಬುವ ಪುಟ್ಟ ಯಂತ್ರ.

"ಹ್ವಾಯ್ ಜಲಜಕ್ಕ, ಗೇರಿಗೆ ಮದ್ದ್ ಹೊಡು ಮಿಶಿನಾ ಇದ್?" ಎಂದಳು ಆಚೆಮನೆಯ ಸರಸು.

"ಹೌದ್, ಮೊದ್ಲ್ ನಿನ್ ಬಾಯಿಗೆ ಹೊಡಿತೆ, ಕಾಣ್!"

ಎಲ್ಲರೂ ನಕ್ಕರು. ಜಲಜ ಅದನ್ನು ಕಾಗದದತ್ತ ಹಿಡಿದು ಗುಂಡಿ ಒತ್ತಿದಳು. ಕೆಂಪು ಗುಲಾಬಿಯಾಯಿತು, ಗುಲಾಬಿ ಬಿಳಿಯೊಳಗೆ ಕರಗಿತು. ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ. ತಾವರೆಯ ಎಸಳಿಗೆ ಆ ಬಣ್ಣ ತರಲು ನಾನು ಎಷ್ಟು ಒದ್ದಾಡಿದ್ದೆ! ಕುಂಚದ ಗೆರೆ ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತಿತ್ತು. ಅವಳಿಗೆ ಗಂಡನಿದ್ದ, ಕೈತುಂಬ ಬಳೆಯಿತ್ತು, ಸಲೀಸಾದ ನಗುವಿತ್ತು. ಈಗ ಇದೂ.

ಅವಳು ಅದನ್ನು ಬಿಚ್ಚಿ ತೊಳೆಯುವಾಗ ಉದ್ದನೆಯ ಸೂಜಿ ತೋರಿಸಿ, "ಇದ್ರ್ ತುದಿ ಎಲ್ಲೂ ತಾಗುಕಾಗ ಅಕ್ಕ. ಕೂದ್ಲಷ್ಟ್ ಬಗ್ರೂ ಮುಗಿತ್" ಎಂದಿದ್ದಳು. ನನ್ನನ್ನು ನಂಬಿ ಹೇಳಿದ ಮಾತು. ಆ ಸಂಜೆ ಅವಳು ಮೀನು ತರಲು ಹೋದಾಗ ಪೆಟ್ಟಿಗೆ ತೆರೆದೆ. ಸೂಜಿಯ ತುದಿಯನ್ನು ಜಗಲಿಯ ಕಲ್ಲಿಗೆ ಒತ್ತಿದೆ. ಬಾಗಿದ್ದು ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ತಿಳಿಯಿತು. ಇದ್ದ ಹಾಗೆಯೇ ಇಟ್ಟು ಬಂದು ಅನ್ನಕ್ಕೆ ಎಸರಿಟ್ಟೆ.

ಮರುದಿನ ಬೆಳಿಗ್ಗೆ ಅವಳ ಜಗಲಿಯಲ್ಲಿ ಮಣೆ ಸಿದ್ಧವಾಗಿತ್ತು. ಸೋದರತ್ತೆಯೂ ಬಂದು ಕೂತಿದ್ದರು. ಜಲಜ ಬಣ್ಣ ತುಂಬಿದವಳೇ ಏರ್‌ಬ್ರಷ್ಷನ್ನು ನನ್ನ ಕೈಗಿಟ್ಟಳು.

"ಈ ಸಲ ಮಣೆ ನೀವೇ ಬರಿಕ್."

ನಾನು ಹಿಂದೆ ಸರಿದೆ. ಅವಳು ಸೋದರತ್ತೆಯತ್ತ ತಿರುಗಿ ನಕ್ಕಳು. "ಅತ್ತೆ, ನೀವ್ ಮುಟ್ಟುಕಾಗ ಅಂದದ್. ಊದುಕಾಗ ಅಂದಿರ್ಲಿಲ್ಲೆ ಅಲ್ದಾ? ಇದ್ ಮಣೆಗ್ ತಾಗುದೇ ಇಲ್ಲೆ. ಅದ್ಕೇ ಅಲ್ದಾ ನಾನ್ ಇದನ್ನ್ ತಕಂಡದ್!"

ಸೋದರತ್ತೆ ಇಲ್ಲವೆನ್ನಲಿಲ್ಲ. "ಎಂತದೋ ಮಾಡ್ಕಣಿ" ಎಂದರು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಗುಂಡಿ ಒತ್ತಿದೆ — ಹದವಾದ ಮಂಜಿನ ಬದಲು ಕೆಂಪು ಹನಿಗಳು ಸಿಡಿದು ಮಣೆಯ ತುಂಬ ಕಲೆಯಾಯಿತು.

"ಕಂಡ್ರ್ಯಾ?" ಎಂದರು ಸೋದರತ್ತೆ, ಮೆಲ್ಲಗೆ. "ಸುಮ್ನೆ ಹೇಳುದಲ್ಲ ನಾನ್."

"ಅಕ್ಕನ್ ಕೈದಲ್ಲ ಅತ್ತೆ! ನಿನ್ನೆ ತೊಳು ಹೊತ್ತಿಗೆ ನಾನೇ ಸೂಜಿ ಎಲ್ಲೋ ತಾಗ್ಸಿರ್ಕ್" ಎಂದು ಜಲಜ ಸೆರಗಿನಿಂದ ಮಣೆ ಒರೆಸಿದಳು. ಕಲೆ ಇನ್ನಷ್ಟು ಹರಡಿತು. ಅವಳ ಕಣ್ಣಲ್ಲಿ ನೀರಿತ್ತು. ನಾನು ತಲೆ ತಗ್ಗಿಸಿ ಮನೆಗೆ ನಡೆದೆ. ಅವರೆಲ್ಲ ಪಾಪ ಎಂದುಕೊಂಡರು.

ನನ್ನ ತಪ್ಪು ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಸೋದರತ್ತೆ ಈ ಕತೆಯನ್ನು ಹೋದ ಹೋದ ಮದುವೆಮನೆಯಲ್ಲೆಲ್ಲ ಹೇಳಿದರು — ಗಂಡನಿಲ್ಲದವಳು ಊದಿದರೂ ಬಣ್ಣ ಕಕ್ಕಿತು ಎಂದು. ಬ್ರಹ್ಮಾವರದ ನಮ್ಮ ಸುಮತಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ತಂಗಿಯ ಮದುವೆಯಲ್ಲಿ ರಂಗೋಲಿ ಬಟ್ಟಲನ್ನು ಕೆಳಗಿಟ್ಟು ಒಳಗೆ ಹೋದಳು. "ನಂಗೆ ಬ್ಯಾಡ, ಅವ್ರಿಗೆ ಆದಾಂಗ್ ಆಪುದ್ ಬ್ಯಾಡ" ಎಂದಳು. ಅವರು ಅಂದರೆ ನಾನು. ನಾನು ಅಲ್ಲೇ ಇದ್ದೆ, ಮಲ್ಲಿಗೆ ಕಟ್ಟುತ್ತಿದ್ದೆ, ಕಟ್ಟುತ್ತಲೇ ಇದ್ದೆ.

ಜಲಜ ಇಂದಿಗೂ ತನ್ನ ಕೈಯೇ ತಪ್ಪಿತೆಂದು ನಂಬಿದ್ದಾಳೆ. ಇದನ್ನು ನಿಮಗೆ ಕೊಡುವ ಮೊದಲು ಅವಳ ಮನೆಗೆ ಹೋಗಿ ಹೇಳುತ್ತೇನೆ. ಅಲ್ಲಿಂದ ಬ್ರಹ್ಮಾವರಕ್ಕೆ, ಸುಮತಿಯ ಹತ್ತಿರ. ಜಲಜ ಬೈದರೆ ಕೇಳಿಸಿಕೊಳ್ಳುತ್ತೇನೆ. ಬೈಯದೆ, ಬನ್ನಿ ಅಕ್ಕ ಚಾ ಕುಡಿವ ಎಂದುಬಿಟ್ಟರೆ — ಅದನ್ನು ಹೇಗೆ ತಾಳಿಕೊಳ್ಳುವುದೋ ನನಗೆ ತಿಳಿಯದು.