ಘಮವಿಲ್ಲದ ಗಂಜಿಗೆ ಎರವಲು ಮೂಗು

ಮುಂಬೈ ಪರೇಲಿನ ಧರ್ಮಶಾಲೆಯೊಂದರ ಅಡುಗೆಮನೆ. ಬೆಳಗಿನ ಐದೂಕಾಲು. ಅಣ್ಣು ಪೂಜಾರಿ ಒಂದು ಸೌಟು ಗಂಜಿಯನ್ನು ಬಟ್ಟಲಿಗೆ ಹಾಕಿ ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ. ಹೊರಗೆ ನಿಂತ, ಇಲ್ಲಿನ ರೋಗಿಯೊಬ್ಬರ ಹೆಂಡತಿ ಚನ್ನವ್ವ ಮಾಸ್ಕ್ ಕೆಳಗೆಳೆದು ಅದನ್ನು ಮೂಸುತ್ತಾರೆ.

"ಏನೂ ವಾಸನಿ ಇಲ್ರಿ ಅಣ್ಣಾರ. ಕಳಸ್ರಿ."

ಹೀಗೆಂದರೆ ಬೇರೆ ಅಡುಗೆಯವರ ಮುಖ ಕೆಂಪಾದೀತು. ಅಣ್ಣು ಅವರಿಗೆ ಬೇಕಾದದ್ದೇ ಇದು. ಮೇಲಿನ ಮಹಡಿಗಳಲ್ಲಿ ಮೂವತ್ತೊಂದು ಕ್ಯಾನ್ಸರ್ ರೋಗಿಗಳಿದ್ದಾರೆ. ಕೋವಿಡ್ ನಿಯಮದಂತೆ ಒಬ್ಬರಿಗೆ ಒಬ್ಬರೇ ಜೊತೆಗಾರರು. ಕೀಮೋ ಆದವರಲ್ಲಿ ಎಷ್ಟೋ ಜನರಿಗೆ ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ. ಹಾಗಾಗಿ ದಿನಕ್ಕೆ ಹನ್ನೊಂದು ಕಿಲೋ ಅಕ್ಕಿ ಬೇಯುವ ಈ ಒಲೆಯ ಬಳಿ ಇಂಗು, ಬೆಳ್ಳುಳ್ಳಿ ಸುಳಿಯುವಂತಿಲ್ಲ.

ಉಡುಪಿ ಕಡೆಯ ಅಣ್ಣು ಅವರಿಗೆ ಐವತ್ತಾರು. ಅಂಧೇರಿಯ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ಸಾಂಬಾರು ಕುದಿಸಿದವರು. 2020ರ ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿತು. ಹದಿನೈದು ದಿನದ ಮಟ್ಟಿಗೆಂದು ಇಲ್ಲಿಗೆ ಬಂದವರು ಇಲ್ಲೇ ಉಳಿದರು. ಈ ವರ್ಷ, 2021ರ ಏಪ್ರಿಲ್‌ನಲ್ಲಿ ಅವರಿಗೇ ಕೋವಿಡ್ ಬಂತು. ಜ್ವರ ಬಿಟ್ಟಿತು, ಮೂಗಿಗೆ ವಾಸನೆ ಮಾತ್ರ ಮರಳಲಿಲ್ಲ. ಐದು ತಿಂಗಳಾಯಿತು.

"ಯಾರಿಗೂ ಹೇಳ್ಲಿಲ್ಲ ನಾನು. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಕೊಳ್ತಾರೆ ಮಾರಾಯ್ರೆ?"

ಜುಲೈನ ಒಂದು ಬೆಳಿಗ್ಗೆ ಗಂಜಿ ತಳ ಹಿಡಿಯಿತು. ಸೀದ ವಾಸನೆ ಅವರಿಗೆ ತಿಳಿಯಲಿಲ್ಲ. ಇಪ್ಪತ್ತಾರು ಬಟ್ಟಲು ಮುಟ್ಟದೆ ವಾಪಸು ಬಂದವು. ಚನ್ನವ್ವನ ಗಂಡ ಪರಪ್ಪ ವಾಂತಿ ಮಾಡಿಕೊಂಡು ಸಂಜೆಯವರೆಗೆ ನೀರನ್ನೂ ಮುಟ್ಟಲಿಲ್ಲ. ವಿಜಯಪುರದ ಕಡೆಯ ಪರಪ್ಪ ಆಗ ನಲವತ್ತೊಂದು ಕಿಲೋ. ಇನ್ನೂ ಇಳಿದರೆ ಕೀಮೋ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು.

ಚನ್ನವ್ವ ಬಟ್ಟಲು ಹಿಡಿದು ಜಗಳಕ್ಕೆಂದೇ ಕೆಳಗಿಳಿದರು. "ಮೂಗಿನ್ಯಾಗ ಅರಿವಿ ತುರುಕ್ಕೊಂಡೀರೇನ್ರಿ ಅಂದೆ. ಅವರು ಗೊಳೋ ಅಂತ ಅಳಾಕ ಹತ್ತಿದ್ರು. ಅಷ್ಟು ದೊಡ್ಡ ಮನಷ್ಯಾ ಅತ್ತರ ನನ್ನ ಸಿಟ್ಟು ಎಲ್ಲಿ ಉಳೀತೈತ್ರಿ?"

ಮೂಗಿಗೆ ವಾಸನೆಯೇ ತಿಳಿಯುತ್ತಿಲ್ಲ, ಕೆಲಸ ಬಿಟ್ಟು ಹೋಗುತ್ತೇನೆ ಎಂದರು ಅಣ್ಣು. ಚನ್ನವ್ವ ಕೇಳಲಿಲ್ಲ, ನಾಳೆಯಿಂದ ನಾನೇ ಮೂಸುತ್ತೇನೆ ಎಂದು ಮ್ಯಾನೇಜರ್ ಸುಕೇಶ್‌ಗೂ ಹೇಳಿಬಿಟ್ಟರು. ಅಂದಿನಿಂದ ಹಾಲು, ಬೇಳೆ, ತರಕಾರಿ ಎಲ್ಲಕ್ಕೂ ಅವರದೇ ತಪಾಸಣೆ. ಹುಳಿಯಾದ ಹಾಲನ್ನು ಎರಡು ಸಲ ಚೆಲ್ಲಿಸಿದ್ದಾರೆ. ಗಂಡನಿಗೆ ದಿನಕ್ಕೆ ಆರು ಸಲ, ಅರ್ಧರ್ಧ ಬಟ್ಟಲು ಗಂಜಿ.

ಪರಪ್ಪನ ತೂಕ ಈಗ ನಲವತ್ತಾರು. ಕೊನೆಯ ಕೀಮೋ ಮುಗಿದಿದೆ. ಶುಕ್ರವಾರ ಗಂಡಹೆಂಡತಿ ಊರಿನ ರೈಲು ಹತ್ತುತ್ತಾರೆ. ನಿಮ್ಮ ಗತಿ ಏನು, ಇನ್ನೊಂದು ವಾರ ಇರಲೇ ಎಂದು ಚನ್ನವ್ವ ಕೇಳಿದ್ದಕ್ಕೆ ಅಣ್ಣು ಗದರಿಸಿದ್ದಾರೆ.

"ಹುಷಾರಾದವರು ಇಲ್ಲಿ ಒಂದು ದಿನ ಜಾಸ್ತಿ ಕೂರ್ಲಿಕ್ಕುಂಟಾ? ಆ ಖೋಲಿಗೆ ಕಾಯುವವರು ಫುಟ್‌ಪಾತ್‌ನಲ್ಲಿದ್ದಾರೆ. ಮೂಗಿಗೇನು, ಮೇಲೆ ಯಾರನ್ನಾದ್ರೂ ಕೇಳ್ತೇನೆ," ಎನ್ನುತ್ತಾರೆ. ಸಂಕೋಚದಿಂದಲೇ ಮುಂದುವರಿಸುತ್ತಾರೆ. "ಪರಪ್ಪಣ್ಣ ಐದು ಕಿಲೋ ಏರಿದ್ದಾರಲ್ಲ, ಊರಲ್ಲಿ ಯಾರಾದ್ರೂ ಹೇಗೆ ಅಂತ ಕೇಳಿದ್ರೆ, ಅಣ್ಣುವಿನ ಗಂಜಿ ಅಂತ ಹೇಳ್ಲಿ. ನನಗೆ ಅಷ್ಟು ಸಾಕು."