ಬೀಡಿನಲ್ಲಿ ಯಾರಿಗೂ ಇಲ್ಲದ ನಂಬರು

ಗಂಡ ಸತ್ತ ಮರುವರ್ಷ ಸೆಪ್ಟೆಂಬರಿನಲ್ಲಿ ಆರ್ಡಿಸ್ ಸ್ಟೆನ್ಸ್‌ರುಡ್ ಡೆಲ್ಮರನ ಕೋವಿ ಅಂಗಡಿಗೆ ಹೋದಳು. ಒಳಗೆ ಮಾತಾಡುತ್ತಿದ್ದವರು ಅವಳನ್ನು ಕಂಡು ಬಾಯಿ ಮುಚ್ಚಿದರು. ಒಬ್ಬ ಅರ್ಧ ಕುಡಿದ ಕಾಫಿ ಬಿಟ್ಟು ಹೊರಗೆ ನಡೆದ. ಅವಳು ಹೋದಲ್ಲೆಲ್ಲ ಹೀಗೇ ಆಗುತ್ತಿತ್ತು. ರೂಢಿಯಾಗಿತ್ತು.

“ಎಲ್ಕ್ ಹೊಡೆಯೋಕೆ ಒಂದು ರೈಫಲ್ ಬೇಕು,” ಅಂದಳು. “ಲಿವರ್ ಎಳೆಯೋದು. ದೊಡ್ಡ ಬಾಯಿದು.”

“ಯಾರಿಗೆ?” ಅಂದ ಡೆಲ್ಮರ್.

“ನಿಮ್ಮಜ್ಜಿಗೆ. ನನಗೇ ಕಣಯ್ಯ, ಇನ್ಯಾರಿಗೆ?”

ಡೆಲ್ಮರ್ ಗೋಡೆಯಿಂದ ಒಂದನ್ನು ಇಳಿಸಿ ಕಂಬಳಿಯ ತುಂಡಿನ ಮೇಲೆ ಮಲಗಿಸಿದ. “ನಲವತ್ತೈದು-ಎಪ್ಪತ್ತು. ನಿಮ್ಮ ಮನೆಯವರೆಲ್ಲ ಹಿಡಿಯೋ ತೋಟಾ ನಂಬರು. ನಿನ್ನ ಭಾವ ಎಲ್ಡನ್ ಬಂದಿದ್ದ, ಆರ್ಡಿಸ್ ಬಂದ್ರೆ ಇದನ್ನೇ ಕೊಡು ಅಂದ. ತೋಟಾ ಕೂಡ ಕೊಳ್ಳೋದು ಬೇಡ್ವಂತೆ. ಬೇಟೆ ಬೀಡಿನ ಡಬ್ಬೀಲಿ ಬೇಕಾದಷ್ಟಿದೆ ಅಂದ.”

“ಡಬ್ಬಿ ಅಂದನಾ? ಅದೇ ಬಾಯಲ್ಲಿ?”

“ನನ್ನ ಮೇಲ್ಯಾಕೆ ಹರಿಹಾಯ್ತೀಯ? ಅವನು ಹೇಳಿದ್ದನ್ನ ಹೇಳ್ದೆ.”

ಆ ಡಬ್ಬಿಯ ವಿಷಯ ಹೇಳದಿದ್ದರೆ ಆರ್ಡಿಸಳ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ.

ಸ್ಟೆನ್ಸ್‌ರುಡ್ ಮನೆಯವರು ಪ್ರತಿವರ್ಷ ಟಿಂಡರ್ ತೊರೆಯ ಹತ್ತಿರ ಬೇಟೆಯ ಬೀಡು ಹೂಡುತ್ತಾರೆ. ದೊಡ್ಡ ಗುಡಾರ, ನಡುವೆ ತಗಡಿನ ಒಲೆ, ಒಲೆಯ ಪಕ್ಕ ಸೈನ್ಯದ ಹಳೆಯ ಕಬ್ಬಿಣದ ಡಬ್ಬಿ. ಅಲ್ಲಿಯ ಕಾಡು ದಟ್ಟ. ಎಲ್ಕ್ ಅಂದರೆ ಕುದುರೆ ಗಾತ್ರದ ಕಾಡುಜಿಂಕೆ; ಕಂಡರೆ ಮೂಗಿನ ಮುಂದೆಯೇ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ದೂರಕ್ಕೆ ಹಾರುವ ಗುಂಡು ಅಲ್ಲಿ ಕೆಲಸಕ್ಕೆ ಬಾರದು. ದಪ್ಪ ಗುಂಡು ಬೇಕು, ಎರಡನೇ ಈಡು ಬೇಗ ಬೇಕು. ಹಾಗಾಗಿ ಆರ್ಡಿಸಳ ಮಾವ ಒಂದು ಕಟ್ಟಳೆ ಮಾಡಿದ್ದ: ಬೀಡಿಗೊಂದೇ ನಂಬರು, ಬೀಡಿಗೊಂದೇ ಡಬ್ಬಿ. ಒಬ್ಬನಲ್ಲಿ ತೋಟಾ ಮುಗಿದರೆ ಇನ್ನೊಬ್ಬ ಕೊಡಬೇಕು. ಡಬ್ಬಿ ತುಂಬುವುದು ಮನೆಯ ಹಿರಿಯನ ಕೆಲಸ. ಮಾವ ಹೋದ ಮೇಲೆ ಅದು ದೊಡ್ಡ ಮಗ ಎಲ್ಡನ್‌ಗೆ ಬಂತು. ಆರ್ಡಿಸಳ ಗಂಡ ಹಾಲ್ವರ್ ಎರಡನೆಯವನು.

ಲಿವರ್ ರೈಫಲ್ಲಿನಲ್ಲಿ, ಅಂದರೆ ಕೆಳಗಿನ ಹಿಡಿ ಎಳೆದು ಮುಂದಿನ ತೋಟಾ ಏರಿಸುವ ಕೋವಿಯಲ್ಲಿ, ನಳಿಗೆಯ ಕೆಳಗೆ ಒಂದು ಕೊಳವೆ ಇರುತ್ತದೆ. ತೋಟಾಗಳು ಅದರಲ್ಲಿ ಒಂದರ ಹಿಂದೊಂದು ಮಲಗುತ್ತವೆ. ಹಿಂದಿನದರ ಮೂಗು ಮುಂದಿನದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪಿಗೆ ತಾಗಿಕೊಂಡೇ ಇರುತ್ತದೆ. ಅದಕ್ಕೇ ಗುಂಡಿನ ಮೂಗು ಚಪ್ಪಟೆ ಇರಬೇಕು. ಚೂಪಾಗಿದ್ದರೆ, ಈಡು ಹಾರಿ ರೈಫಲ್ ಒದ್ದಾಗ, ಆ ಮೂಗೇ ಮೊಳೆಯಾಗಿ ಮುಂದಿನ ಕೇಪನ್ನು ಚುಚ್ಚಿ ತೋಟಾವನ್ನು ಕೊಳವೆಯೊಳಗೇ ಸಿಡಿಸುತ್ತದೆ. ಆ ಕಣಿವೆಯಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು.

ಹಾಲ್ವರ್ ಸತ್ತ ವರ್ಷ ಎಲ್ಡನ್ ಒಂದೇ ತೋಟಾ ಹಿಡಿಯುವ ಹೊಸ ರೈಫಲ್ ಕೊಂಡಿದ್ದ. ನಂಬರು ಅದೇ, ನಲವತ್ತೈದು-ಎಪ್ಪತ್ತು. ಅದಕ್ಕೆ ಕೊಳವೆ ಇಲ್ಲ, ಚೂಪು ಗುಂಡು ಹಾಕಿದರೆ ತೊಂದರೆಯೂ ಇಲ್ಲ. ಅವನು ಚೂಪು ಗುಂಡಿನ ತೋಟಾ ಮಾಡಿಕೊಂಡ. ಉಳಿದದ್ದನ್ನು ಡಬ್ಬಿಗೆ ಸುರಿದ. ನಂಬರು ಒಂದೇ ಅಲ್ಲವೇ ಅಂದುಕೊಂಡ. ಬೆಳಗಿನ ಜಾವ ಹಾಲ್ವರ್ ಉಣ್ಣೆಯ ಕೈಗವಸು ಹಾಕಿಕೊಂಡೇ ಡಬ್ಬಿಗೆ ಕೈ ಹಾಕಿದ, ಕೊಳವೆ ತುಂಬಿಕೊಂಡ, ನಡೆದ. ಹುಟ್ಟಿದಾಗಿನಿಂದ ನಂಬಿದ ಡಬ್ಬಿ. ಊಟಕ್ಕೆ ಕೂತವನು ಅಣ್ಣ ಬಡಿಸಿದ ಅನ್ನವನ್ನು ಆರಿಸಿ ನೋಡುತ್ತಾನೆಯೇ?

ಮೊದಲ ಈಡಿಗೇ ಕೊಳವೆ ಸಿಡಿಯಿತು. ತಗಡಿನ ಚೂರು ಎಡಗೈಯ ರಕ್ತನಾಳ ಕಡಿಯಿತು. ರಸ್ತೆ ಬಹಳ ದೂರವಿತ್ತು. ಅವನು ಕಾಡಲ್ಲೇ ಹೋದ.

ಹರಿದ ಕೊಳವೆಯ ತುದಿಯಲ್ಲಿ ಸಿಡಿಯದ ಒಂದು ತೋಟಾ ಸಿಕ್ಕಿಕೊಂಡಿತ್ತು. ಮೂಗು ಚೂಪು. ಆರ್ಡಿಸ್ ಅದನ್ನು ಎಲ್ಡನ್‌ನ ಮುಂದೆ ಹಿಡಿದಳು. ಅವನು ನೋಡಲೂ ಇಲ್ಲ. “ಕೋವಿ ಮುದಿಯಾಗಿತ್ತು. ತೋಟಾ ಅವನೇ ಎಲ್ಲೋ ಕೊಂಡಿರಬೇಕು,” ಅಂದ. ಇಗರ್ಜಿಯ ನೆಲಮಾಳಿಗೆಯಲ್ಲಿ ಸಾವಿನ ಊಟಕ್ಕೆ ಬಂದವರು ಹಂದಿಮಾಂಸ, ಆಲೂಗಡ್ಡೆ ತಟ್ಟೆಗೆ ಹಾಕಿಕೊಳ್ಳುತ್ತ ಅದನ್ನೇ ಹೇಳಿದರು. ಪಾಪ ಹಾಲ್ವರ್, ಸ್ವಲ್ಪ ಅಜಾಗ್ರತೆ.

ಅಜಾಗ್ರತೆ! ಮನೆಯ ಏಣಿ ಹತ್ತುವ ಮುಂಚೆ ಪ್ರತಿ ಮೆಟ್ಟಿಲನ್ನೂ ಒದ್ದು ನೋಡುತ್ತಿದ್ದ ಗಂಡಸು. ಅವನು ಸತ್ತದ್ದನ್ನು ಆರ್ಡಿಸ್ ನುಂಗಿಕೊಂಡಳು. ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಎಲ್ಡನ್‌ನ ಬಾಯಿಂದ ನಿಜ ಹೊರಡಬೇಕು, ಇನ್ನೊಬ್ಬರ ಕಿವಿಗೆ ಬೀಳಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಅವಳು ಹದಿನಾರಕ್ಕೆ ಶಾಲೆ ಬಿಟ್ಟು ಮರ ಕಡಿಯುವವರ ಅಡುಗೆಮನೆ ಸೇರಿದವಳು. ಗರಗಸದ ಆಳುಗಳ ಬಾಯಿ ಕೇಳಿ ಬೆಳೆದವಳು. ಮದುವೆಗೆ ಮುಂಚೆ ಅಪ್ಪನ ಜೊತೆ ಬೇಟೆಯಾಡಿದ್ದಳು. ಮದುವೆಯಾದ ಮೇಲೆ ಬೀಡಿನಲ್ಲಿ ದೋಸೆಯಂಥ ಪ್ಯಾನ್‌ಕೇಕು ಹುಯ್ದಳು, ಒದ್ದೆ ಕಾಲುಚೀಲ ಒಣಗಿಸಿದಳು. ಕೋವಿ ಮುಟ್ಟದೆ ಬಹಳ ಕಾಲವಾಗಿತ್ತು.

“ಇದು ಬೇಡ,” ಅಂದಳು ಡೆಲ್ಮರನಿಗೆ. “ಬೇರೆ ನಂಬರು ತೋರಿಸು.”

ಡೆಲ್ಮರ್ ಇನ್ನೊಂದು ತಂದ. “ಮುನ್ನೂರೈವತ್ತೆಂಟು. ನಿನಗೆ ಇದೇ ಸರಿ. ಕೊಳವೆ ಇಲ್ಲ ನೋಡು, ಕೆಳಗೆ ಪೆಟ್ಟಿಗೆ. ತೋಟಾ ಒಂದರ ಮೇಲೊಂದು ಕೂರುತ್ತೆ. ಚೂಪು ಗುಂಡು ಹಾಕಿದ್ರೂ ಏನೂ ಆಗಲ್ಲ. ಒದೆತಾನೂ ಕಮ್ಮಿ.”

ಆರ್ಡಿಸ್ ಹೆಗಲಿಗೆ ಏರಿಸಿದಳು. ಹಗುರವಾಗಿತ್ತು. ಹೆದರಿದವರು ಕೊಳ್ಳಬೇಕಾದ ರೈಫಲ್ ಅದೇ. ಅದು ಅವಳಿಗೂ ಗೊತ್ತಾಯಿತು.

“ನಮ್ಮ ಬೀಡಿನವರ ಹತ್ತಿರ ಈ ನಂಬರು ಇದೆಯಾ?”

“ಎಲ್ಡನ್ ಅಳಿಯ ಕರ್ಟ್ ಹೋದ ತಿಂಗಳು ಒಂದು ತಗೊಂಡ. ಎಲ್ಡನ್‌ಗೆ ಹೇಳಬೇಡ, ಕಟ್ಟಳೆ ಮುರಿದ ಅಂತ ಕೂಗಾಡ್ತಾನೆ.”

“ಹಾಗಾದ್ರೆ ಇದೂ ಬೇಡ. ಯಾರ ಹತ್ತಿರ ಇಲ್ವೋ ಅದು ತೋರಿಸು.”

“ನಿನಗೆ ತಲೆ ಕೆಟ್ಟಿದೆ. ರೈಫಲ್ ಆರಿಸೋದು ಎಲ್ಕ್ ನೋಡಿ, ಮೈದುನ-ಭಾವಂದಿರನ್ನ ನೋಡಿ ಅಲ್ಲ.”

“ಎಲ್ಕ್ ನನಗೇನೂ ಮಾಡಿಲ್ಲ.”

ಡೆಲ್ಮರ್ ಬೈದುಕೊಳ್ಳುತ್ತ ಹಿಂದಿನ ಕೋಣೆಗೆ ಹೋಗಿ ಧೂಳು ಹಿಡಿದದ್ದೊಂದನ್ನು ತಂದ. ನಾನೂರ ನಲವತ್ನಾಲ್ಕು. ಕೊಳವೆಯದೇ. ಬಾಯಿ ನಲವತ್ತೈದು-ಎಪ್ಪತ್ತಕ್ಕಿಂತ ಕೂದಲೆಳೆ ಸಣ್ಣದು, ತೋಟಾ ನೀಳ.

“ಇದನ್ನ ಈ ಕಣಿವೇಲಿ ಯಾರೂ ಕೇಳಲ್ಲ. ತೋಟಾ ನಾನು ತರಿಸಿ ಕೊಡಬೇಕು. ಕಾಡಲ್ಲಿ ಮುಗಿದ್ರೆ ಒಬ್ಬನೂ ಒಂದು ಕೊಡೋಕಾಗಲ್ಲ, ಗೊತ್ತಾ? ಆ ಡಬ್ಬಿ ತೋಟಾ ಇದರೊಳಗೆ ಹೋಗೋದೇ ಇಲ್ಲ.”

“ಹೋಗೋದೇ ಇಲ್ವಾ?”

“ಸುತ್ತಿಗೇಲಿ ಹೊಡೆದ್ರೂ ಹೋಗಲ್ಲ.”

“ಕಟ್ಟಿಕೊಡು,” ಅಂದಳು.

ಸಂಜೆ ಹೊತ್ತು ಮನೆಯ ಹಿಂದಿನ ಮಣ್ಣುದಿಬ್ಬಕ್ಕೆ ಹಲಗೆ ಒರಗಿಸಿ ಗುರಿ ಹಿಡಿದಳು. ಮೊದಲ ಈಡಿಗೆ ಕೈ ತಾನಾಗಿ ನಳಿಗೆಯಿಂದ ಕಿತ್ತುಕೊಂಡಿತು. ಕೊಳವೆಯ ಮೇಲೆ ಎಡಗೈ ಇಡಲು ಅವಳಿಗೆ ಆಗುತ್ತಿರಲಿಲ್ಲ. ಕೂತಳು. ಒಂದೊಂದು ತೋಟಾದ ಮೂಗನ್ನೂ ಬೆರಳಿನಿಂದ ಸವರಿದಳು. ಚಪ್ಪಟೆ. ಎದ್ದು ಮತ್ತೆ ಹೊಡೆದಳು. ಭುಜ ಕಪ್ಪಗಾಯಿತು. ಕೈ ನಿಲ್ಲುವ ತನಕ ದಿನಾ ಹೊಡೆದಳು.

ಬೇಟೆಯ ಕಾಲ ತೆರೆದಾಗ ಟಿಂಡರ್ ತೊರೆಗೆ ಹೋದಳು. ಎಲ್ಡನ್ ಗುಡಾರದ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಸೌಟು. ಅಡುಗೆಗೆ ಬೇರೆ ಯಾರೂ ಇರಲಿಲ್ಲ.

“ಬಂದ್ಯಾ? ಒಳ್ಳೇದಾಯ್ತು. ಸಿಟ್ಟು ಸೆಡವು ಎಲ್ಲ ಆಯ್ತಲ್ಲ. ಕಾಫಿ ಇಡು.”

“ಕಾಫಿ ನೀನೇ ಇಡು. ನಾನು ಹಾಲ್ವರ್ ಕೂರ್ತಿದ್ದ ಜಾಗದಲ್ಲಿ ಕೂರೋಕೆ ಬಂದಿದ್ದೀನಿ.”

ಅವನ ಕಣ್ಣು ರೈಫಲ್ಲಿನ ಮೇಲೆ ಬಿತ್ತು. “ಅದ್ಯಾವ ನಂಬರು?”

ಹೇಳಿದಳು.

“ನಮ್ಮಪ್ಪನ ಕಟ್ಟಳೆ ಗೊತ್ತಿಲ್ವಾ ನಿನಗೆ? ಡಬ್ಬಿ ಬೇಡ ಅಂದೋರಿಗೆ ಈ ಒಲೆ ಇಲ್ಲ.”

“ನಿನ್ನ ಡಬ್ಬಿ ತಿಂದು ಒಬ್ಬ ಸತ್ತ. ಒಲೆ ನೀನೇ ಇಟ್ಕೊ.”

“ಬಾಯಿ ಬಿಗಿ ಹಿಡಿ, ಆರ್ಡಿಸ್. ಕೋವಿ ಮುದಿಯಾಗಿತ್ತು.”

“ನಿನಗಿಂತ ಮುದಿಯೇನೂ ಆಗಿರ್ಲಿಲ್ಲ.”

ಒಳಗೆ ಕರ್ಟ್ ಕೆಮ್ಮಿ ನಗು ಮುಚ್ಚಿಕೊಂಡ. ಆರ್ಡಿಸ್ ತೊರೆ ದಾಟಿ ಆಚೆ ದಡದಲ್ಲಿ, ಅವರ ಕಣ್ಣೆದುರೇ, ಸಣ್ಣ ಗುಡಾರ ಹೊಡೆದಳು. ಅದು ಸರ್ಕಾರದ ಕಾಡು, ಅವನಪ್ಪನದಲ್ಲ. ಅಂಗಡಿಯ ತಗಡಿನ ಡಬ್ಬಿಯಲ್ಲಿದ್ದ ಬೇಯಿಸಿದ ಕಾಳನ್ನು ತಣ್ಣಗೇ ತಿಂದಳು.

ಹಿಮ ಬಿದ್ದ ಮರುದಿನ ಮಧ್ಯಾಹ್ನ ಅದು ಬಂತು. ಕೊಂಬು ಮೊದಲು ಕಂಡಿತು, ಆಮೇಲೆ ಕತ್ತು. ಗಂಡು ಎಲ್ಕ್. ತೊರೆಯ ಪಕ್ಕದ ಪೊದೆ ಸೀಳಿಕೊಂಡು ಕಲ್ಲೆಸೆದರೆ ತಾಗುವಷ್ಟು ಹತ್ತಿರ ನಿಂತಿತು. ಆರ್ಡಿಸ್ ಮುಂಗಾಲಿನ ಹಿಂದೆ ಗುರಿ ಹಿಡಿದಳು. ಎಡಗೈ ಕೊಳವೆಯ ಮೇಲಿತ್ತು. ಅಲ್ಲೇ ಇತ್ತು. ಹೊಡೆದಳು. ಅದು ಕುಗ್ಗಿತು, ಬೀಳಲಿಲ್ಲ. ಲಿವರ್ ಎಳೆದು ಮತ್ತೆ ಹೊಡೆದಳು. ಎಲ್ಕ್ ತೊಲೆ ಮುರಿದ ಮನೆಯಂತೆ ಕುಸಿದು ಪೊದೆಯ ನಡುವೆ ಕೆಟ್ಟದಾಗಿ ಬಿತ್ತು, ತಲೆ ಕೆಳಗೆ, ಹೊಟ್ಟೆ ನೆಲಕ್ಕೆ, ಅರ್ಧ ತೊರೆಯಲ್ಲಿ.

ಹೋಗಿ ಎಳೆದಳು. ಅಲುಗಲಿಲ್ಲ. ಹಗ್ಗ ಕಟ್ಟಿ ಎಳೆದಳು. ಹಗ್ಗ ಅಂಗೈ ಸುಲಿಯಿತು. ಹೊಟ್ಟೆ ಬೇಗ ಸೀಳದಿದ್ದರೆ ಒಳಗಿನ ಕಾವಿಗೆ ಮಾಂಸ ಹಳಸುತ್ತದೆ. ಈಡಿನ ಸದ್ದು ಕೇಳಿದರೆ ಕರಡಿಯೂ ಬರುತ್ತದೆ, ಅದಕ್ಕೂ ಬುದ್ಧಿ ಇದೆ.

ಬಂದದ್ದು ಎಲ್ಡನ್ ಮತ್ತು ಕರ್ಟ್. ಕರ್ಟ್ ಕೋಟು ಬಿಚ್ಚಿ ಮುಂದೆ ನಡೆದ. “ಎಂಥ ಪ್ರಾಣಿ ಹೊಡೆದ್ಬಿಟ್ಟೆ ಚಿಕ್ಕಮ್ಮ! ಹಿಡ್ಕೊಳ್ಳಿ ಮಾವ, ಹೊರಳಿಸೋಣ.”

“ನಿಲ್ಲು,” ಅಂದಳು ಆರ್ಡಿಸ್. ಕೈಯಲ್ಲಿ ಚಾಕು ಇತ್ತು. “ಯಾರೂ ಮುಟ್ಟಬಾರದು.”

“ಮಾಂಸ ಹಾಳಾಗುತ್ತೆ!”

“ಆಗ್ಲಿ. ನಿಮ್ಮಾವ ತೋಟಾ ಯಾರದು ಅಂತ ಹೇಳ್ಲಿ. ಆಮೇಲೆ ಮುಟ್ಲಿ.”

ಆ ಕಣಿವೆಯಲ್ಲಿ ಎಂಥ ಶತ್ರುವಾದರೂ ಬಿದ್ದ ಎಲ್ಕ್‌ಗೆ ಕೈ ಕೊಡದೆ ಹೋಗುವುದಿಲ್ಲ. ಹೆಂಡತಿ ಬಿಟ್ಟವನನ್ನು ಮರೆಯುತ್ತಾರೆ, ಜೈಲಿಗೆ ಹೋದವನನ್ನು ಮರೆಯುತ್ತಾರೆ, ಬಿದ್ದ ಮಾಂಸ ಬಿಟ್ಟು ನಡೆದವನನ್ನು ಮರೆಯುವುದಿಲ್ಲ. ಎಲ್ಡನ್‌ಗೆ ಇದು ಆರ್ಡಿಸಳಿಗಿಂತ ಚೆನ್ನಾಗಿ ಗೊತ್ತಿತ್ತು.

“ಬಾರೋ ಕರ್ಟ್,” ಅಂದ. “ಇವಳ ತಲೆ ಕೆಟ್ಟಿದೆ. ಕೊಳೀಲಿ.” ತಿರುಗಿ ನಡೆದ.

ಕರ್ಟ್ ಅಲುಗಲಿಲ್ಲ. “ನಾನು ಬಿಟ್ಟು ಬರಲ್ಲ ಮಾವ. ಯಾರಾದ್ರೂ ಕೇಳಿದ್ರೆ ನಾನು ಸುಳ್ಳು ಹೇಳೋನೂ ಅಲ್ಲ.”

“ನಡಿ ಎಲ್ಡನ್, ನಡಿ,” ಅಂದಳು ಆರ್ಡಿಸ್. “ತಮ್ಮನ್ನೂ ಕಾಡಲ್ಲಿ ಬಿಟ್ಟೆ, ಮಾಂಸಾನೂ ಬಿಡು. ನಿನಗೇನು ಹೊಸದಾ?”

ಎಲ್ಡನ್ ನಿಂತ. ಬೆನ್ನು ಇವರ ಕಡೆಗಿತ್ತು. ಎಲ್ಕ್‌ನ ಮೈಯಿಂದ ಹಬೆ ಏಳುತ್ತಿತ್ತು. ತಿರುಗಿದಾಗ ಅವನ ಮುಖ ಕೆಂಪಾಗಿತ್ತು, ಹೊಡೆಯಲು ಬರುವವನ ಹಾಗೆ ಬಂದ. ಆರ್ಡಿಸ್ ಜಾಗ ಬಿಡಲಿಲ್ಲ.

“ನಾನು ಬಿಟ್ಟು ಬಂದಿರ್ಲಿಲ್ಲ!” ಎಂದು ಕಿರುಚಿದ. “ಹೊತ್ಕೊಂಡು ಬಂದೆ. ದಾರೀಲಿ ಹೋದ. ನನ್ನ ಬೆನ್ನ ಮೇಲೇ ಹೋದ.”

“ತೋಟಾ ಯಾರದು?”

“ನಂದೇ! ನಂದೇ ಕಣೇ ಹಾಳು ಹೆಂಗಸೇ. ನಾನೇ ಸುರಿದೆ ಡಬ್ಬಿಗೆ. ಅವನು ನೋಡ್ತಾನೆ ಅಂದ್ಕೊಂಡಿದ್ದೆ.”

“ಅವನು ನಿನ್ನ ನಂಬಿದ್ದ. ಅಜಾಗ್ರತೆ ಯಾರದು?”

“ನಂದು ಅಂದ್ನಲ್ಲ! ಇನ್ನೂ ಏನು ಬೇಕು ನಿನಗೆ?”

ಕರ್ಟ್ ತೊರೆಯ ಕಡೆ ಮುಖ ಮಾಡಿ ನಿಂತಿದ್ದ. ಕೇಳಿಸಿಕೊಂಡಿದ್ದ. ಅವನ ಹೆಂಡತಿಗೆ ತಿಳಿದರೆ ಕಣಿವೆಗೆಲ್ಲ ಡಂಗುರ ಹೊಡೆದ ಹಾಗೆ.

ಏನೂ ಹಗುರಾಗಲಿಲ್ಲ. ಆಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಹಾಲ್ವರ್ ಇವನ ಬೆನ್ನ ಮೇಲೆ ಹೋದ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅದು ಹೊಸ ಭಾರವಾಗಿ ಬಂದು ಕೂತಿತು.

“ಹಿಂಗಾಲು ಹಿಡಿ,” ಅಂದಳು.

ಎಲ್ಡನ್ ಹಿಡಿದ. ಮೂವರೂ ಎಲ್ಕ್ ಹೊರಳಿಸಿದರು, ಹೊಟ್ಟೆ ಸೀಳಿದರು, ತೊಡೆ ಬಿಡಿಸಿದರು. ಕತ್ತಲಾಗುವ ಮುಂಚೆ ಮಾಂಸವೆಲ್ಲ ಮರಕ್ಕೆ ತೂಗಿತ್ತು. ಕೈ ಕೊಟ್ಟವರಿಗೆ ಪಾಲು ಕೊಡುವುದು ರೂಢಿ. ಆರ್ಡಿಸ್ ರೂಢಿ ತಪ್ಪಲಿಲ್ಲ. ಕರ್ಟ್‌ಗೆ ಬೆನ್ನಿನ ಮೆತ್ತನೆಯ ಮಾಂಸ ಕೊಟ್ಟಳು. ಎಲ್ಡನ್‌ಗೆ ಕುತ್ತಿಗೆ ಕೊಟ್ಟಳು. ಬರೀ ನರ, ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

“ಇದೇನಾ?” ಅಂದ.

“ಅದೇ. ಬೇಡದಿದ್ರೆ ಇಟ್ಟು ಹೋಗು.”

ಎಲ್ಡನ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತೊರೆ ದಾಟಿದ.