ಕಾರಿನ ಬಾಗಿಲಿಗೆ ಹೋದ ಸೋಡಾ

ಸ್ನೇಹಿತರೇ, ಮಾವ ಕೊಟ್ಟ ಹಳೇ ಕಾರಿನ ಬಾಗಿಲಿನ ಒಳಗಡೆಯ ಪ್ಲಾಸ್ಟಿಕ್ ಹಲಗೆ ಕೊಕ್ಕೆ ಮುರಿದು ಜೋತಾಡುತ್ತಿತ್ತು. ಇವತ್ತು ಅವರೇ ತ್ಯಾವಣಿಗೆಯಿಂದ ಬರುತ್ತಾರೆಂದು ಗೊತ್ತಾದದ್ದೇ ತಡ, ಕೊಕ್ಕೆಗಳ ಮೇಲೆ ಅಡುಗೆ ಸೋಡಾ ಉದುರಿಸಿ ಸೂಪರ್ ಗ್ಲೂ ಹನಿಸಿದೆ. ಕಲ್ಲಿನಂತಾಯಿತು. ಹಲಗೆ ಟಕ್ಕೆಂದು ಕೂತಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, "ಮೆಣಸಿನಕಾಯಿ ಬಜ್ಜಿಗೆ ಹಾಕಾಕೆ ಸೋಡಾ ಎಲ್ಲೈತ್ರೀ?" ಎಂದಳು.

"ಪೂರ್ತಿ ಕಾರಿನ ಬಾಗಿಲಿಗೆ ಹೋತು," ಎಂದೆ.

"ಹಂಗಾರೆ ಮಂಡಕ್ಕಿ ಜೊತಿಗೆ ಆ ಬಾಗಿಲನ್ನೇ ಕೊಡ್ರಿ ನಮ್ಮಪ್ಪಾಜಿಗೆ!"

ಮಾವ ಬಂದವರೇ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ಗಮ್ ಹಾಕಿ ಕೂರಿಸಿದ್ದೆಂದು ನನ್ನಿಂದ ಕೇಳಿ, "ಭಾರಿ ಗಟ್ಟಿ ಮಾಡೀರಿ ಬಿಡ್ರಿ" ಎಂದು ಮೆಚ್ಚಿದರು. ನಾನು ಉಬ್ಬಿಹೋದೆ. ಆಮೇಲೆ ಸೋಡಾ ಇಲ್ಲದ ಬಜ್ಜಿ ಕಚ್ಚಿದವರು ಸ್ವಲ್ಪ ಹೊತ್ತು ಅಗಿದು, ನನ್ನ ಮುಖ ನೋಡಿದರು:

"ಅಳಿಯಂದ್ರೇ, ಇದಕ್ಕೂ ಅದೇ ಗಮ್ ಹಾಕಿದ್ರೇನು?"